ಮುತ್ಯಾನ ಸಂದೂಕದಾಗಿನ ಉರ್ದು ಕಾದಂಬರಿಗಳು

ಕಳೆದ ಬೇಸಿಗೆಯಲ್ಲಿ ನಮ್ಮೊಳಗಿನ ಒಬ್ಬನ ಮನೆಯಲ್ಲಿ ಹಳೆಯ ಮಣ್ಣಿನ ಮಾಳಿಗೆ ಇಳಿಸುವ ಕೆಲಸ ನಡೆದಿತ್ತು. ಒಳಕೋಣೆಯ ಸಾಮಾನೆಲ್ಲ ಅಂಗಳಕ್ಕೆ ಬಂತು. ಮುರಿದ ತೊಟ್ಟಿಲು, ಕೂರಿಗೆಯ ಬಟ್ಟಲು, ತಾಮ್ರದ ಕೊಡ. ಎಲ್ಲದರ ಕೆಳಗೆ ಒಂದು ಕಬ್ಬಿಣದ ಸಂದೂಕ. ಅದು ಮುತ್ಯಾನದು. ಮುತ್ಯಾ ತೀರಿ ಆರು ವರ್ಷವಾಗಿತ್ತು. ಅಷ್ಟು ದಿನ ಅದನ್ನು ಯಾರೂ ತೆಗೆದಿರಲಿಲ್ಲ. ಕೀಲಿಕೈ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಹೊಲದ ಕಾಗದಪತ್ರ ಇರಬಹುದು ಎಂಬ ಆಸೆಯಿಂದ ಕಾಕಾ ಸುತ್ತಿಗೆ ತಂದು ಕೀಲಿ ಒಡೆದರು. ಒಳಗೆ ಕಾಗದಪತ್ರ ಇರಲಿಲ್ಲ. ಒಂದು ಧೋತರದಲ್ಲಿ ಸುತ್ತಿಟ್ಟ ಪುಸ್ತಕಗಳಿದ್ದವು. ಎಣಿಸಿದರೆ ನಲವತ್ತೊಂದು. ಎಲ್ಲವೂ ಉರ್ದು.

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಾವು ನಾಲ್ವರೂ ಅವತ್ತು ಅಲ್ಲೇ ಇದ್ದೆವು. ಕಲ್ಲು ಮಣ್ಣು ಹೊರಲು ಕರೆದಿದ್ದರು. ನಮ್ಮ ಕೈಯಲ್ಲಿ ಪದವಿ ಇದೆ, ಪತ್ರಿಕೆಯಲ್ಲಿ ಹೆಸರು ಬಂದಿದೆ. ಆದರೆ ಆ ಪುಸ್ತಕದ ಮೇಲಿನ ಹೆಸರು ಓದಲು ನಾಲ್ವರಲ್ಲಿ ಒಬ್ಬರಿಗೂ ಬರಲಿಲ್ಲ. ಯಾವ ಕಡೆಯಿಂದ ತೆರೆಯಬೇಕು ಎನ್ನುವುದರಲ್ಲೇ ತಪ್ಪಿದೆವು. ಹಿಂದಿನ ರಟ್ಟನ್ನು ಮುಂದಿನದು ಎಂದು ತಿಳಿದಿದ್ದೆವು.

"ಇವು ಮನ್ಯಾಗ ಇಟ್ಕೊಂಡು ಏನ್ ಮಾಡೋದದ? ಗುಜರಿಯವನಿಗಿ ಹಾಕ್ರಿ" ಎಂದರು ಕಾಕಾ. ಆಮೇಲೆ ದನಿ ತಗ್ಗಿಸಿ, "ಯಾರರ ನೋಡಿದ್ರ ಏನಂತಾರ" ಎಂದರು.

ಆ ಎರಡನೆಯ ಮಾತಿಗೆ ನಾವು ಯಾರೂ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಬೇರೆ ಜಿಲ್ಲೆಯ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮದು ಕಲಬುರಗಿ ಸೀಮೆ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮನ ಆಳ್ವಿಕೆ ಇತ್ತು. ಕಚೇರಿಯ ಭಾಷೆ ಉರ್ದು, ಕೋರ್ಟಿನ ಭಾಷೆ ಉರ್ದು. ನಾಲ್ಕಕ್ಷರ ಮುಂದೆ ಕಲಿಯಬೇಕು ಎಂದರೆ ಶಾಲೆಯೂ ಉರ್ದುವಿನಲ್ಲೇ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಹಾಗಾಗಿ ಬೀದರ, ಕಲಬುರಗಿ, ರಾಯಚೂರು ಕಡೆಯ ಹಿರಿಯ ತಲೆಮಾರಿನಲ್ಲಿ ಯಾವ ಜಾತಿಯವರಾದರೂ ಶಾಲೆಗೆ ಹೋದವರಿಗೆ ಉರ್ದು ಬರುತ್ತಿತ್ತು. ಮುತ್ಯಾನಿಗೆ 1948ರಲ್ಲಿ ಹದಿಮೂರೋ ಹದಿನಾಲ್ಕೋ ವಯಸ್ಸು.

ಕನ್ನಡಕ್ಕೆ ಜಾಗ ಇರಲಿಲ್ಲ ಎಂಬ ಸಿಟ್ಟು ಆಗ ಜನರಲ್ಲಿತ್ತು. ಕೊನೆಗೆ ರಜಾಕಾರರ ಹಾವಳಿ ಬೇರೆ. ಮುತ್ಯಾನೂ ಆ ದಿನಗಳಲ್ಲಿ ತಾಯಿಯ ಜೊತೆ ರಾತ್ರಿ ಜೋಳದ ಹೊಲದಲ್ಲಿ ಅಡಗಿ ಮಲಗಿದವನೇ. ಆ ಕಥೆ ಅವನ ಬಾಯಿಂದಲೇ ಕೇಳಿದ್ದೇವೆ. ಕಾಕಾನ ಮಾತಿನ ಹಿಂದೆ ಆ ನೆನಪೂ ಇತ್ತು. ಆದರೆ ಅದೇ ಮುತ್ಯಾ ಆಮೇಲೆ ರೊಕ್ಕ ಕೊಟ್ಟು ಉರ್ದು ಪುಸ್ತಕ ತಂದು, ಧೋತರದಲ್ಲಿ ಸುತ್ತಿ, ಕೀಲಿ ಹಾಕಿಟ್ಟಿದ್ದ. ಆ ಸಿಟ್ಟೂ ನಿಜ, ಈ ಸಂದೂಕವೂ ನಿಜ. ಇವೆರಡನ್ನೂ ಜೋಡಿಸಿ ನೋಡುವುದು ನಮಗೆ ಅವತ್ತು ಆಗಲಿಲ್ಲ.

ಗುಜರಿಯವನು ಬರುವುದು ಸೋಮವಾರ. ನಮಗೆ ಮೂರು ದಿನ ಇತ್ತು.

ಮೊದಲು ಮೊಬೈಲ್ ತೆಗೆದೆವು. ಫೋಟೋ ಹಿಡಿದರೆ ಭಾಷೆ ತಿರುಗಿಸುವ ಆ್ಯಪ್ ಇದೆಯಲ್ಲ, ಅದನ್ನು ಹಚ್ಚಿದೆವು. ಅದು ಹೇಳಿದ್ದಕ್ಕೆ ತಲೆ ಇಲ್ಲ, ಬಾಲ ಇಲ್ಲ. ಯಾಕೆ ಎಂದು ಆಮೇಲೆ ತಿಳಿಯಿತು. ಆ ಕಾಲದ ಉರ್ದು ಪುಸ್ತಕಗಳನ್ನು ನಮ್ಮ ಕನ್ನಡ ಪುಸ್ತಕಗಳಂತೆ ಮೊಳೆ ಜೋಡಿಸಿ ಅಚ್ಚು ಹಾಕುತ್ತಿರಲಿಲ್ಲ. ಕಾತಿಬ್ ಎಂಬ ಬರಹಗಾರ ಇಡೀ ಪುಸ್ತಕವನ್ನು ಕೈಯಿಂದ ಚೆಂದಾಗಿ ಬರೆಯುತ್ತಿದ್ದ. ಅದನ್ನೇ ಕಲ್ಲಿನ ಅಚ್ಚಿನ ಮೇಲೆ ಇಳಿಸಿ ಮುದ್ರಿಸುತ್ತಿದ್ದರು. ಉರ್ದುವಿಗೆ ಕಂಪ್ಯೂಟರ್ ಅಕ್ಷರ ಬಂದದ್ದು 1980ರ ದಶಕದಲ್ಲಿ. ಅಂದರೆ ಆ ಸಂದೂಕದ ಒಂದೊಂದು ಪುಸ್ತಕವೂ ಯಾರೋ ಒಬ್ಬರ ಕೈಬರಹ.

ಎರಡನೆಯ ದಿನ ಪಕ್ಕದ ಊರಿನ ಟೇಲರ್ ಚಾಚಾನ ಹತ್ತಿರ ಹೋದೆವು. ಎಪ್ಪತ್ತು ದಾಟಿದವರು. ನಮ್ಮ ಶಾಲೆಯ ಯೂನಿಫಾರ್ಮ್ ಎಲ್ಲ ಅವರೇ ಹೊಲಿದದ್ದು. ಉರ್ದು ಶಾಲೆಯಲ್ಲಿ ಓದಿದವರು ಎಂದು ಕೇಳಿದ್ದೆವು. ಚೀಲದಲ್ಲಿ ಐದು ಪುಸ್ತಕ ಹಾಕಿಕೊಂಡು ಹೋಗಿ ಅವರ ಮಷೀನಿನ ಮೇಲೆ ಇಟ್ಟೆವು. ಧರ್ಮದ ಪುಸ್ತಕ ಇರಬಹುದೇನೋ ಎಂದು ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೆವು.

ಚಾಚಾ ಕನ್ನಡಕ ಏರಿಸಿ ಮೊದಲ ಪುಸ್ತಕ ಎತ್ತಿಕೊಂಡವರೇ ಜೋರಾಗಿ ನಕ್ಕರು. "ಅರೇ, ಇದು ಇಬ್ನೇ ಸಫಿ! ಪತ್ತೇದಾರಿ ಕಾದಂಬರಿ ಅದ ಬೇಟಾ ಇದು. ನಾ ಇದನ್ನ ಕ್ಲಾಸಿನಾಗ ಪಾಠದ ಪುಸ್ತಕದ ಒಳಗ ಇಟ್ಕೊಂಡು ಓದಿ ಮಾಸ್ತರ ಕೈಲಿ ಹೊಡ್ತ ತಿಂದೀನಿ."

ನಾವು ಮುಖ ಮುಖ ನೋಡಿಕೊಂಡೆವು. ಕಾಕಾ ಜನ ಏನಂತಾರೋ ಎಂದು ಹೆದರಿದ ಪುಸ್ತಕ, ನಾವು ಚಪ್ಪಲಿ ಬಿಟ್ಟು ತಂದ ಪುಸ್ತಕ, ಕೊಲೆ ಮತ್ತು ಕಳ್ಳರ ಕಥೆ.

ಇಬ್ನೇ ಸಫಿ ಯಾರು ಎಂಬುದು ನಮಗೂ ಆಮೇಲೆ ಓದಿಯೇ ತಿಳಿದದ್ದು. ನಿಜವಾದ ಹೆಸರು ಅಸ್ರಾರ್ ಅಹ್ಮದ್. ಹುಟ್ಟಿದ್ದು 1928ರಲ್ಲಿ, ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ. ಶಾಲಾ ಮಾಸ್ತರಿಕೆ ಮಾಡುತ್ತಿದ್ದವರು. ಅಶ್ಲೀಲ ಬರೆಯದೆ ಉರ್ದುವಿನಲ್ಲಿ ಪುಸ್ತಕ ಓಡುವುದಿಲ್ಲ ಎಂದು ಯಾರೋ ಗೆಳೆಯರು ವಾದ ಮಾಡಿದರಂತೆ. ಓಡಿಸಿ ತೋರಿಸುತ್ತೇನೆ ಎಂದು 1952ರಲ್ಲಿ 'ಜಾಸೂಸಿ ದುನಿಯಾ' ಸರಣಿ ಶುರು ಮಾಡಿದರು. ಅದೇ ವರ್ಷ ಕುಟುಂಬ ಪಾಕಿಸ್ತಾನಕ್ಕೆ ಹೋಯಿತು. ಆದರೂ ಕರಾಚಿಯಲ್ಲಿ ಕೂತು ಬರೆದದ್ದು ಅಲಹಾಬಾದಿನಲ್ಲೂ ಅಚ್ಚಾಗುತ್ತಿತ್ತು. 1955ರಲ್ಲಿ ಎರಡನೆಯ ಸರಣಿ ಬಂತು, 'ಇಮ್ರಾನ್ ಸೀರೀಸ್'. ಎರಡೂ ಸೇರಿ 200ಕ್ಕೂ ಹೆಚ್ಚು ಕಾದಂಬರಿ. ತೀರಿಕೊಂಡದ್ದು 1980ರಲ್ಲಿ.

ಇಮ್ರಾನ್ ಪಾತ್ರವನ್ನು ಚಾಚಾ ನಮಗೆ ಅಭಿನಯ ಮಾಡಿಯೇ ತೋರಿಸಿದರು. ನೋಡಲು ಪೆದ್ದ. ಎಲ್ಲರೆದುರು ಹುಚ್ಚು ಮಾತಾಡುತ್ತಾನೆ. ದೊಡ್ಡ ಪೊಲೀಸ್ ಅಧಿಕಾರಿಯಾದ ಅಪ್ಪ, ಇವನು ಉಪಯೋಗಕ್ಕೆ ಬಾರದ ಮಗ ಎಂದು ಮನೆಯಿಂದ ಹೊರಗೆ ಹಾಕಿದ್ದಾನೆ. ಆದರೆ ದೇಶದ ಗುಪ್ತ ಸೇವೆಯ ಮುಖ್ಯಸ್ಥ ಅವನೇ. ಅದು ಅಪ್ಪನಿಗೂ ಗೊತ್ತಿಲ್ಲ, ಅವನ ಕೈಕೆಳಗೆ ಕೆಲಸ ಮಾಡುವವರಿಗೂ ಗೊತ್ತಿಲ್ಲ. ಡಿಗ್ರಿ ಮುಗಿಸಿ ಊರಿಗೆ ಬಂದು ಕಟ್ಟೆಯ ಮೇಲೆ ಕೂತ ಹುಡುಗರಿಗೆ ಇಂಥ ಪಾತ್ರ ಯಾಕೆ ಹಿಡಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಐದರಲ್ಲಿ ಒಂದು ಪುಸ್ತಕ ತಿರುವಿ ನೋಡಿ ಚಾಚಾ ಪಕ್ಕಕ್ಕೆ ಸರಿಸಿದರು. "ಇದು ಡುಪ್ಲಿಕೇಟ್." ನಮಗೆ ಅರ್ಥವಾಗಲಿಲ್ಲ. 1960ರಿಂದ 63ರವರೆಗೆ ಇಬ್ನೇ ಸಫಿಗೆ ಮಾನಸಿಕ ಕಾಯಿಲೆ ಬಂದು ಬರವಣಿಗೆ ನಿಂತಿತ್ತು. ಜನ ಪುಸ್ತಕಕ್ಕಾಗಿ ಕಾಯುತ್ತಿದ್ದರು. ಆಗ ಹೆಸರಿನಲ್ಲಿ ಒಂದಕ್ಷರ ತಿರುಚಿ, ಅವರದೇ ಪಾತ್ರ ಇಟ್ಟುಕೊಂಡು ಬೇರೆಯವರು ಬರೆದ ನಕಲಿ ಪುಸ್ತಕಗಳು ರಾಶಿ ರಾಶಿ ಬಂದವು. ಗುಣವಾಗಿ ಬರೆದ ಮೊದಲ ಕಾದಂಬರಿಯನ್ನು 1963ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದವರು ಲಾಲ್ ಬಹಾದುರ್ ಶಾಸ್ತ್ರಿ. ಮುಂದಿನ ವರ್ಷ ಅವರು ಪ್ರಧಾನಿಯಾದರು. ನಮ್ಮ ಮುತ್ಯಾ ಪಾಪ ನಡುವಿನ ಕಾಲದಲ್ಲಿ ನಕಲಿ ಮಾಲಿಗೆ ರೊಕ್ಕ ಸುರಿದು ಬಂದಿದ್ದ.

ಇನ್ನೊಂದು ಪುಸ್ತಕದ ಮೊದಲ ಪುಟದಲ್ಲಿ ಹೈದರಾಬಾದಿನ ಒಂದು ಬಾಡಿಗೆ ಲೈಬ್ರರಿಯ ಮುದ್ರೆ ಇತ್ತು. ದಿನಕ್ಕೆ ಒಂದು ಆಣೆ ಬಾಡಿಗೆ. ಮುತ್ಯಾ ಅದನ್ನು ವಾಪಸ್ ಕೊಟ್ಟೇ ಇಲ್ಲ. ಬಾಡಿಗೆ ಲೆಕ್ಕ ಹಾಕಿದರೆ ಈಗ ಒಂದು ಎಕರೆ ಹೊಲ ಮಾರಬೇಕಾಗುತ್ತದೆ ಎಂದು ನಕ್ಕೆವು.

ಮೂರನೆಯ ದಿನ, ಭಾನುವಾರ, ಚಾಚಾ ತಾವೇ ಬೈಕಿನ ಹಿಂದೆ ಕೂತು ನಮ್ಮ ಊರಿಗೆ ಬಂದರು. ಬೇವಿನ ಗಿಡದ ನೆರಳಿಗೆ ಹೊರಸು ಹಾಕಿದೆವು. ನಲವತ್ತೊಂದು ಪುಸ್ತಕವನ್ನೂ ಒಂದೊಂದಾಗಿ ಎತ್ತಿ ಹೆಸರು ಹೇಳುತ್ತ ಹೋದರು, ನಾವು ಬರೆದುಕೊಳ್ಳುತ್ತ ಹೋದೆವು. ಅರ್ಧಕ್ಕೂ ಹೆಚ್ಚು ಇಬ್ನೇ ಸಫಿ. ಉಳಿದವು ಬೇರೆ ಬೇರೆ.

ಒಂದು ಪುಸ್ತಕ ಕೈಗೆ ಬಂದಾಗ ಚಾಚಾ, "ಇದು ಕೃಶನ್ ಚಂದರ್ ಬರೆದದ್ದು, ಒಂದು ಕತ್ತೆ ತನ್ನ ಕಥೆ ತಾನೇ ಹೇಳ್ತದ" ಎಂದರು. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತು ತೊಗರಿ ಆರಿಸುತ್ತಿದ್ದ ಆಯಿ ತಲೆ ಎತ್ತಿದಳು.

"ಪೇಪರ್ ಓದೋ ಕತ್ತಿ ಅಲ್ಲೇನು? ಅಗಸನ್ನ ಮೊಸಳಿ ತಿಂತದ ನೋಡು, ಅದೇ ಅಲ್ಲ?"

ಆಯಿಗೆ ಕನ್ನಡ ಓದಲೂ ಬರುವುದಿಲ್ಲ. ಹೆಬ್ಬೆಟ್ಟು. ಉರ್ದುವಂತೂ ದೂರದ ಮಾತು. ನಾವು ಸುಮ್ಮನೆ ಕೂತೆವು. ಆಯಿ ಕಥೆ ಪೂರ್ತಿ ಹೇಳಿದಳು. ಓದು ಕಲಿತ ಕತ್ತೆ ದಿಲ್ಲಿಗೆ ಹೋಗಿ ಒಬ್ಬ ಅಗಸನ ಹತ್ತಿರ ಕೆಲಸಕ್ಕೆ ಸೇರುತ್ತದೆ. ಅಗಸ ಯಮುನೆಯಲ್ಲಿ ಬಟ್ಟೆ ಒಗೆಯುವಾಗ ಮೊಸಳೆಯ ಬಾಯಿಗೆ ಸಿಗುತ್ತಾನೆ. ಅವನ ಹೆಂಡತಿ ಮಕ್ಕಳಿಗೆ ಪರಿಹಾರ ಕೊಡಿಸಲು ಕತ್ತೆ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಈ ಟೇಬಲ್ ಅಲ್ಲ, ಆ ಟೇಬಲ್ ಅನ್ನಿಸಿಕೊಳ್ಳುತ್ತ ಕೊನೆಗೆ ನೆಹರೂ ಹತ್ತಿರವೇ ಹೋಗಿ ನಿಲ್ಲುತ್ತದೆ. ಆಯಿ ಹೇಳುತ್ತಿದ್ದರೆ ಚಾಚಾ ಪುಸ್ತಕ ತಿರುವುತ್ತ "ಬರೋಬರ್, ಬರೋಬರ್" ಅನ್ನುತ್ತಿದ್ದರು.

"ನಿನಗ ಹ್ಯಾಂಗ ಗೊತ್ತು ಆಯಿ?"

"ನಿಮ್ಮ ಮುತ್ಯಾ ಹೇಳ್ತಿದ್ದ. ರಾತ್ರಿ ಊಟ ಆದ ಮ್ಯಾಲ ಕಂದೀಲು ಮುಂದ ಇಟ್ಕೊಂಡು ಅವ ಓದ್ತಿದ್ದ. ಓದಿದ್ದು ನನಗ ಕನ್ನಡದಾಗ ಹೇಳ್ತಿದ್ದ. ನಾ ಬೀಸ್ತಾ ಕೇಳ್ತಿದ್ದೆ."

ಅಲ್ಲಿಂದ ಮುಂದೆ ಪಟ್ಟಿ ಮಾಡುವ ಕೆಲಸ ನಿಂತಿತು. ಚಾಚಾ ಪುಸ್ತಕದ ಹೆಸರು ಹೇಳುವುದು, ಆಯಿ ಕಥೆ ಹೇಳುವುದು. ಕೆಲವು ಅವಳಿಗೆ ನೆನಪಿರಲಿಲ್ಲ. ಕೆಲವು ಒಂದಕ್ಕೊಂದು ಬೆರೆತಿದ್ದವು. ಆದರೆ ಹದಿನಾರು ಪುಸ್ತಕದ ಕಥೆ ಅವಳ ಬಾಯಲ್ಲಿತ್ತು.

'ಮಿರಾತುಲ್ ಉರೂಸ್' ಬಂತು. ಉರ್ದುವಿನ ಮೊದಲ ಕಾದಂಬರಿ ಎಂದು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ವರ್ಷ 1869. ಬರೆದವರು ನಜೀರ್ ಅಹ್ಮದ್. ಡೆಪ್ಯುಟಿ ಕಲೆಕ್ಟರ್ ಆಗಿದ್ದರಿಂದ ಎಲ್ಲರೂ ಡೆಪ್ಯುಟಿ ನಜೀರ್ ಅಹ್ಮದ್ ಎಂದೇ ಕರೆದರು. ಇಂಡಿಯನ್ ಪೀನಲ್ ಕೋಡನ್ನು ಉರ್ದುವಿಗೆ ತಂದವರಲ್ಲಿ ಅವರೂ ಒಬ್ಬರು. ತಮ್ಮ ಹೆಣ್ಣುಮಕ್ಕಳಿಗೆ ಓದಲು ಕೊಡುವಂಥ ಪುಸ್ತಕ ಸಿಗದೆ, ತಾವೇ ಬರೆಯಲು ಕೂತರು. ಅಕ್ಬರಿ, ಅಸ್ಗರಿ ಎಂಬ ಅಕ್ಕತಂಗಿಯರು ಒಂದೇ ಮನೆಗೆ ಸೊಸೆಯಾಗಿ ಹೋಗುವ ಕಥೆ. ಒಬ್ಬಳು ಮನೆ ಕೆಡಿಸುತ್ತಾಳೆ, ಇನ್ನೊಬ್ಬಳು ಮನೆ ನಿಲ್ಲಿಸುತ್ತಾಳೆ, ಹೆಣ್ಣುಮಕ್ಕಳಿಗೆ ಓದನ್ನೂ ಕಲಿಸುತ್ತಾಳೆ. ಬ್ರಿಟಿಷ್ ಸರಕಾರ ಈ ಪುಸ್ತಕಕ್ಕೆ ಸಾವಿರ ರೂಪಾಯಿ ಬಹುಮಾನ ಕೊಟ್ಟಿತ್ತು. ಆ ಕಾಲದ ಸಾವಿರ ಎಂದರೆ ಎಷ್ಟು ಎಂದು ಯೋಚಿಸಿ.

"ಆ ಹಿರಿಸೊಸಿ ನಮ್ಮ ಸಣ್ಣ ನೆಗೆಣ್ಣಿ ಇದ್ದಂಗ" ಎಂದಳು ಆಯಿ. ಎಲ್ಲರೂ ನಕ್ಕರು. ಕಾಕಾ ಕೂಡ.

ಆ ಕಾದಂಬರಿಯನ್ನು ಓದಿ, ಪಟ್ನಾದ ಒಬ್ಬ ಹೆಣ್ಣುಮಗಳು ತಾನೂ ಬರೆಯಬೇಕು ಎಂದುಕೊಂಡಳು. ಹೆಸರು ರಶೀದತುನ್ನಿಸಾ. 1881ರಲ್ಲಿ 'ಇಸ್ಲಾಹುನ್ನಿಸಾ' ಬರೆದಳು. ಅಚ್ಚಾದದ್ದು 1894ರಲ್ಲಿ. ಹದಿಮೂರು ವರ್ಷ ಅದು ಮನೆಯಲ್ಲೇ ಇತ್ತು. ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆದ ಮಗ ಬಂದ ಮೇಲೆ ಹೊರಗೆ ಬಂತು. ಆಗಲೂ ಪುಸ್ತಕದ ಮೇಲೆ ಅವಳ ಹೆಸರಿಲ್ಲ, ಇಂಥವನ ತಾಯಿ ಎಂದಷ್ಟೇ. ಉರ್ದುವಿನಲ್ಲಿ ಕಾದಂಬರಿ ಬರೆದ ಮೊದಲ ಹೆಣ್ಣುಮಗಳ ಕಥೆ ಇದು. ಈ ಪುಸ್ತಕ ಸಂದೂಕದಲ್ಲಿ ಇರಲಿಲ್ಲ. ನಜೀರ್ ಅಹ್ಮದ್ ಬಗ್ಗೆ ಹುಡುಕುವಾಗ ನಮಗೆ ಸಿಕ್ಕಿತು. ಆಯಿಗೆ ಹೇಳಿದಾಗ ಅವಳಿಗೆ ಅಚ್ಚರಿ ಏನೂ ಆಗಲಿಲ್ಲ. "ನನ್ನನ್ನೂ ಈ ಊರಾಗ ಹೆಸರು ಹಿಡಿದು ಯಾರು ಕರಿತಾರ?" ಎಂದಳು.

ನಜೀರ್ ಅಹ್ಮದರದ್ದೇ ಇನ್ನೊಂದು ಕಾದಂಬರಿ 'ತೌಬತುನ್ನಸೂಹ್'. ಅದೂ ಸಂದೂಕದಲ್ಲಿತ್ತು. ಕಾಲರಾದಿಂದ ಬದುಕಿ ಉಳಿದ ನಸೂಹ್ ಎಂಬಾತ ಮನೆಯವರನ್ನೆಲ್ಲ ತಿದ್ದಲು ಹೊರಡುತ್ತಾನೆ. ಹಿರಿಮಗ ಕಲೀಮನಿಗೆ ಕಾವ್ಯದ ಹುಚ್ಚು. ಅಪ್ಪ ಒಂದು ದಿನ ಮಗನ ಪುಸ್ತಕಗಳನ್ನೆಲ್ಲ ಸುಟ್ಟು ಬಿಡುತ್ತಾನೆ. ಚಾಚಾ ಈ ಕಥೆ ಹೇಳುವಾಗ ಕಾಕಾ ಅಲ್ಲೇ ಕೂತಿದ್ದರು. ಯಾರೂ ಅವರ ಕಡೆ ನೋಡಲಿಲ್ಲ. ಅವರೇ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿಸಿಕೊಂಡು ಬಂದರು.

ಪುಸ್ತಕ ಸುಟ್ಟದ್ದು ಕಥೆಯಲ್ಲಿ ಮಾತ್ರ ಅಲ್ಲ. ಪ್ರೇಮಚಂದರ ಹೆಸರು ನಮ್ಮ ಹಿಂದಿ ಪಾಠದಲ್ಲಿತ್ತು. ಅವರು ಹಿಂದಿಯವರು ಎಂದೇ ನಾವು ತಿಳಿದಿದ್ದೆವು. ಅವರು ಮೊದಲು ಬರೆದದ್ದು ಉರ್ದುವಿನಲ್ಲಿ. ಹೆಸರು ಧನಪತ್ ರಾಯ್. ಶಾಲಾ ಇನ್‌ಸ್ಪೆಕ್ಟರ್ ಕೆಲಸ. 'ನವಾಬ್ ರಾಯ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. 1908ರಲ್ಲಿ ಬಂದ 'ಸೋಜ್-ಎ-ವತನ್' ಕಥೆಗಳಲ್ಲಿ ದೇಶಭಕ್ತಿ ಹೆಚ್ಚಾಯಿತು ಎಂದು ಕಲೆಕ್ಟರ್ ಕರೆಸಿ ಗದರಿಸಿದ. ಉಳಿದ ಪ್ರತಿಗಳನ್ನು ಸುಟ್ಟರು. ಕಾನ್ಪುರದ 'ಜಮಾನಾ' ಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮ್ ಹೊಸ ಹೆಸರು ಸೂಚಿಸಿದರು. ಆ ಹೆಸರೇ ಪ್ರೇಮಚಂದ್. 'ಬಾಜಾರ್-ಎ-ಹುಸ್ನ್' ಎಂಬ ಅವರ ಕಾದಂಬರಿಯನ್ನು ಬರೆದದ್ದು ಉರ್ದುವಿನಲ್ಲೇ. ಆದರೆ ಮೊದಲು ಅಚ್ಚಾದದ್ದು ಹಿಂದಿಯಲ್ಲಿ, 'ಸೇವಾಸದನ' ಎಂಬ ಹೆಸರಿನಲ್ಲಿ. ಉರ್ದು ಪುಸ್ತಕ ವರ್ಷಗಟ್ಟಲೆ ಕಾಯಬೇಕಾಯಿತು.

ನಾವು ಓದುವಾಗ ಮಂಗಳೂರು ಸಮಾಚಾರ ಶುರುವಾದ ವರ್ಷ ಬಾಯಿಪಾಠ ಮಾಡಿದ್ದೆವು. ಸರಿಯೇ. ಆದರೆ 1878ರಿಂದ ಲಖನೌದ 'ಅವಧ್ ಅಖ್ಬಾರ್' ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದ ಒಂದು ದೊಡ್ಡ ಕಾದಂಬರಿ ಇದೆ ಎಂದು ಯಾರೂ ಹೇಳಿರಲಿಲ್ಲ. 'ಫಸಾನಾ-ಎ-ಆಜಾದ್'. ಬರೆದವರು ಆ ಪತ್ರಿಕೆಯ ಸಂಪಾದಕರೇ, ಪಂಡಿತ ರತನ್‌ನಾಥ್ ಸರ್ಶಾರ್ ಎಂಬ ಕಾಶ್ಮೀರಿ ಪಂಡಿತರು. ಉರ್ದು ಎಂದರೆ ಒಂದು ಧರ್ಮದವರ ಭಾಷೆ ಎಂದು ನಾವು ಬಾಯಿಬಿಟ್ಟು ಹೇಳದಿದ್ದರೂ ತಲೆಯಲ್ಲಿ ಇಟ್ಟುಕೊಂಡಿದ್ದೆವು. ಸಂದೂಕದಿಂದ ಬಂದ ಹೆಸರು ನೋಡಿದರೆ ಪಂಡಿತರಿದ್ದಾರೆ, ಕಾಯಸ್ಥರಿದ್ದಾರೆ, ಸರ್ದಾರಜಿ ಇದ್ದಾರೆ. ಆ ಸರ್ದಾರಜಿ ರಾಜಿಂದರ್ ಸಿಂಗ್ ಬೇಡಿ. ಲಾಹೋರಿನ ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದವರು.

ಬೇಡಿಯವರ 'ಏಕ್ ಚಾದರ್ ಮೈಲಿ ಸೀ' 1962ರದ್ದು. 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಪಂಜಾಬಿನ ಹಳ್ಳಿ. ಟಾಂಗಾ ಹೊಡೆಯುವ ಗಂಡ ಕೊಲೆಯಾಗುತ್ತಾನೆ. ಹೆಂಡತಿ ರಾನೋಗೆ ಮೈದುನನ ಜೊತೆ ಮದುವೆ ಮಾಡುತ್ತೇವೆ ಎನ್ನುತ್ತಾರೆ ಊರವರು. ಅವನನ್ನು ಅವಳು ಮಗನಂತೆ ಸಾಕಿದ್ದಾಳೆ. ಈ ಕಥೆ ಬಂದಾಗ ಆಯಿ ಮೊರ ಕೆಳಗಿಟ್ಟಳು. "ಇದು ಅವ ಹೇಳಿದ ಮ್ಯಾಲ ನಾ ಎರಡು ದಿನ ಊಟ ಮಾಡಿಲ್ಲ" ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾವೂ ಕೇಳಲಿಲ್ಲ.

'ಉಮ್ರಾವ್ ಜಾನ್ ಅದಾ' ಹೆಸರು ರೇಖಾ ನಟಿಸಿದ ಸಿನಿಮಾದಿಂದ ನಿಮಗೂ ಗೊತ್ತಿರಬಹುದು. ಫೈಜಾಬಾದಿನ ಸಣ್ಣ ಹುಡುಗಿಯನ್ನು ಅಪ್ಪನ ಮೇಲಿನ ಹಗೆಗೆ ನೆರೆಯವನೇ ಕದ್ದು ಲಖನೌದ ಕೋಠಿಗೆ ಮಾರುತ್ತಾನೆ. ಪುಸ್ತಕ ಬಂದದ್ದು 1899ರಲ್ಲಿ. ಬರೆದ ಮಿರ್ಜಾ ಹಾದಿ ರುಸ್ವಾ ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತವರು. ರೈಲು ಹಳಿ ಸರ್ವೆ ಮಾಡಲು ಕ್ವೆಟ್ಟಾದವರೆಗೆ ಹೋಗಿದ್ದರು. ಕೊನೆಗಾಲಕ್ಕೆ ಹೈದರಾಬಾದಿಗೆ ಬಂದು, ಉಸ್ಮಾನಿಯಾದ ಅನುವಾದ ವಿಭಾಗದಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ಇಳಿಸುತ್ತಿದ್ದರು. 1931ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಸೀಮೆಯಿಂದ ಉಸ್ಮಾನಿಯಾಕ್ಕೆ ಹೋಗಿ ಕಲಿತವರು ಓದಿದ್ದು ಆ ವಿಭಾಗ ತಯಾರು ಮಾಡಿದ ಪುಸ್ತಕಗಳನ್ನೇ.

ಸಂದೂಕದಲ್ಲಿ ಇರಬೇಕಿತ್ತು ಎಂದು ಚಾಚಾ ಹೇಳಿದ್ದು ಒಂದೇ ಪುಸ್ತಕದ ಬಗ್ಗೆ. ಕುರ್ರತುಲೈನ್ ಹೈದರ್ ಬರೆದ 'ಆಗ್ ಕಾ ದರಿಯಾ'. 1959ರದ್ದು. ಮೌರ್ಯರ ಕಾಲದಿಂದ ದೇಶ ಎರಡಾಗುವವರೆಗೆ, ಗೌತಮ, ಚಂಪಾ, ಕಮಾಲ್ ಎಂಬ ಹೆಸರುಗಳೇ ಮತ್ತೆ ಮತ್ತೆ ಬೇರೆ ಜನ್ಮದಂತೆ ಬರುತ್ತವಂತೆ. ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿದ್ದವರು ತಿರುಗಿ ಭಾರತಕ್ಕೆ ಬಂದರು. ಮುಂಬಯಿಯಲ್ಲಿ ಪತ್ರಿಕೆಗಳಲ್ಲಿ ಕೆಲಸ ಮಾಡಿದರು. 1989ರ ಜ್ಞಾನಪೀಠ ಅವರದು. ಕನ್ನಡದ ಜ್ಞಾನಪೀಠದವರ ಹೆಸರು ನಾವು ಎಣಿಸಿ ಹೇಳುತ್ತೇವೆ. ಈ ಪತ್ರಕರ್ತೆಯ ಹೆಸರು ಮೊದಲ ಬಾರಿ ಕೇಳಿದ್ದು ಟೇಲರ್ ಚಾಚಾನ ಬಾಯಲ್ಲಿ, ಬೇವಿನ ಗಿಡದ ಕೆಳಗೆ.

ಸಂಜೆ ಹೊತ್ತಿಗೆ ಚಾಚಾ ಒಂದು ಇಬ್ನೇ ಸಫಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಬರಹ ಕಂಡರು. ಅಕ್ಷರ ಉರ್ದು. ಓದಲು ಹೋದರೆ ನಾಲಿಗೆ ತೊಡರಿತು. "ತ, ವ, ಗ, ರ... ತೌಗರೀ? ತೂಗರೀ? ಉರ್ದುದಾಗ ಇಂಥಾ ಮಾತು ಇಲ್ಲಲ್ಲ ಬೇಟಾ."

"ತೊಗರಿ!" ಎಂದಳು ಆಯಿ.

ಮುತ್ಯಾ ಕನ್ನಡವನ್ನು ಉರ್ದು ಅಕ್ಷರದಲ್ಲಿ ಬರೆದಿದ್ದ. ಅವನಿಗೆ ಶಾಲೆ ಕಲಿಸಿದ್ದು ಆ ಅಕ್ಷರ ಮಾತ್ರ. ಉರ್ದು ಬರವಣಿಗೆಯಲ್ಲಿ ಸಣ್ಣ ಸ್ವರಗಳನ್ನು ಬರೆಯುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು. ಚಾಚಾ ಒಂದೊಂದೇ ಅಕ್ಷರ ಬಿಡಿಸಿ ಹೇಳುವುದು, ನಾವೆಲ್ಲ ಕೂಡಿ ಅದು ಯಾವ ಮಾತು ಎಂದು ಹುಡುಕುವುದು. ತೊಗರಿ ನಾಲ್ಕು ಚೀಲ ತಾಂಡೂರಿಗೆ ಹೋಯಿತು. ಮಳೆ ಬಂತು. ಎತ್ತಿಗೆ ಕಾಲುಬೇನೆ. ಹೀಗೆ ಒಂದೊಂದು ಸಾಲು. ಇವಲ್ಲದೆ ಎಲ್ಲ ಪುಸ್ತಕದಲ್ಲೂ ಹತ್ತಿಪ್ಪತ್ತು ಪುಟಕ್ಕೆ ಒಮ್ಮೆ ಒಂದೇ ಮಾತು ಬರುತ್ತಿತ್ತು. ಅದನ್ನು ಬಿಡಿಸಲು ಅರ್ಧ ತಾಸು ಹಿಡಿಯಿತು.

"ಇಲ್ಲಿ ತನ."

ಅಂದರೆ, ಇಲ್ಲಿಯವರೆಗೆ ಹೇಳಿ ಆಯಿತು. ನಾಳೆ ರಾತ್ರಿ ಇಲ್ಲಿಂದ ಮುಂದೆ.

ಒಂದು ಪುಸ್ತಕದಲ್ಲಿ ಆ ಗುರುತು ನಡುವೆಯೇ ನಿಂತಿತ್ತು. ಆಮೇಲೆ ಇಲ್ಲ. ಆಯಿಯನ್ನು ಕೇಳಿದೆವು. ಅವಳು ಆ ಕಥೆಯ ಗುರುತು ಹಿಡಿದಳು. "ಅದು ಪೂರಾ ಹೇಳಲೇ ಇಲ್ಲ. ಆ ವರ್ಷ ಮನಿಗಿ ಟೀವಿ ಬಂತು. ಎಲ್ಲಾರೂ ಅದರ ಮುಂದ ಕೂಡೋರು. ನಾಳಿ ಹೇಳ್ತೀನಿ ಅಂತಿದ್ದ. ಕಣ್ಣಾಗ ಮೋತಿಬಿಂದು ಬಂತು. ಕೊಲಿ ಮಾಡಿದವ ಯಾರಂತ ನನಗ ಇವತ್ತಿಗೂ ಗೊತ್ತಿಲ್ಲ."

ಚಾಚಾ ಆ ಗುರುತಿನಿಂದ ಮುಂದೆ ಓದಲು ಶುರು ಮಾಡಿದರು. ಒಂದು ಸಾಲು ಉರ್ದು, ಒಂದು ಸಾಲು ಕನ್ನಡ. ಇಪ್ಪತ್ತು ಪುಟ ಆಗಿರಬಹುದು. ಅಲ್ಲಿಂದ ಮುಂದೆ ಗೆದ್ದಲು ತಿಂದಿತ್ತು. ಕೊನೆಯ ಮೂವತ್ತು ಪುಟ ಮುಟ್ಟಿದರೆ ಪುಡಿ.

ಸೋಮವಾರ ಗುಜರಿಯವನು ಬಂದ. ಮುರಿದ ತೊಟ್ಟಿಲಿನ ಕಬ್ಬಿಣ, ಹಳೆಯ ತಗಡು ಹಾಕಿಸಿಕೊಂಡು ಹೋದ. ಸಂದೂಕ ತೋರಿಸಿ "ಇದು?" ಎಂದ. "ಅದು ಕೊಡೋದಿಲ್ಲ" ಎಂದರು ಕಾಕಾ. ಯಾಕೆ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಗೆದ್ದಲು ತಿಂದ ಪುಟಗಳಿಗಾಗಿ ನಾವು ಹುಡುಕಿದೆವು. ಹಳೆಯ ಉರ್ದು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಓದಲು ಇಟ್ಟಿರುವ 'ರೇಖ್ತಾ' ಎಂಬ ವೆಬ್‌ಸೈಟ್ ಇದೆ. ಅಲ್ಲಿ ಆ ಕಾದಂಬರಿ ಸಿಕ್ಕಿತು. ಹುಡುಕಲು ಹೆಸರು ಉರ್ದುವಿನಲ್ಲಿ ಟೈಪ್ ಮಾಡಬೇಕಾದಾಗ ಚಾಚಾನ ಮೊಮ್ಮಗಳನ್ನು ಕೇಳಿದೆವು. ಅವಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ. "ನನಗ ಬರಲ್ಲ ಅಣ್ಣಾ, ಮನ್ಯಾಗ ಮಾತಾಡ್ತೀವಿ, ಬರೆಯೋದು ಗೊತ್ತಿಲ್ಲ" ಎಂದಳು. ಚಾಚಾ ಏನೂ ಅನ್ನಲಿಲ್ಲ. ಕಾಗದದ ಮೇಲೆ ಬರೆದುಕೊಟ್ಟರು. ನಾವು ಅಕ್ಷರದ ಆಕಾರ ನೋಡಿ ನೋಡಿ ಒತ್ತಿದೆವು.

ಆ ಮನೆಯಲ್ಲಿ ಮಾತು ಉಳಿದಿದೆ, ಅಕ್ಷರ ಚಾಚಾನ ಕೈಯಲ್ಲಿ ಮಾತ್ರ ಇದೆ. ಮುತ್ಯಾನ ಮನೆಯಲ್ಲಿ ಅಕ್ಷರ ಹೋಗಿ ಆರು ವರ್ಷವಾಗಿತ್ತು, ಕಥೆ ಆಯಿಯ ಬಾಯಲ್ಲಿ ಉಳಿದಿತ್ತು. ಇನ್ನು ಹತ್ತು ವರ್ಷ ತಡವಾಗಿದ್ದರೆ ಆ ಸಂದೂಕದಲ್ಲಿ ನಮಗೆ ರದ್ದಿಯಷ್ಟೇ ಸಿಗುತ್ತಿತ್ತು.

ಈಗ ನಾವು ಭಾನುವಾರ ಚಾಚಾನ ಅಂಗಡಿಗೆ ಹೋಗುತ್ತೇವೆ. ಅಲಿಫ್, ಬೇ ಶುರುವಾಗಿದೆ. ನಾಲ್ವರಲ್ಲಿ ಇಬ್ಬರಿಗೆ ಹೆಸರು ಓದುವಷ್ಟು ಬಂದಿದೆ. ಮೊಮ್ಮಗಳೂ ಬಂದು ಕೂಡುತ್ತಾಳೆ, ನಮಗಿಂತ ಜಲ್ದಿ ಕಲಿಯುತ್ತಿದ್ದಾಳೆ. ಆಯಿ ಹೇಳಿದ ಹದಿನಾರು ಕಥೆ ರೆಕಾರ್ಡ್ ಮಾಡಿ ಇಟ್ಟಿದ್ದೇವೆ.

ನಿಮ್ಮ ಮನೆಯ ಮಾಳಿಗೆಯಲ್ಲೋ ಅಡ್ಡದ ಮೇಲೋ ಓದಲು ಬಾರದ ಅಕ್ಷರದ ಪುಸ್ತಕ ಇದ್ದರೆ, ಉರ್ದು ಇರಲಿ, ಮೋಡಿ ಇರಲಿ, ತ್ಯಲಗು ಇರಲಿ, ಗುಜರಿಗೆ ಹಾಕುವ ಮೊದಲು ಓದಬಲ್ಲ ಒಬ್ಬರನ್ನು ಮನೆಗೆ ಕರೆಯಿರಿ. ಅವರು ಓದುವಾಗ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂಡಿಸಿ. ಅಂಚು ತಪ್ಪದೆ ನೋಡಿ.

ಕೊನೆಯ ಮೂವತ್ತು ಪುಟ ಚಾಚಾ ನಮ್ಮ ಮೊಬೈಲಿನಲ್ಲೇ ಓದಿದರು. ಅಕ್ಷರ ದೊಡ್ಡದು ಮಾಡುತ್ತ, ಪುಟ ಸರಿಸುತ್ತ. ಆಯಿ ಕಣ್ಣು ಮುಚ್ಚಿ ಕೇಳಿದಳು. ಕೊಲೆ ಮಾಡಿದವನ ಹೆಸರು ಬಂತು. ಚಾಚಾ ಮೊಬೈಲ್ ಕೆಳಗಿಟ್ಟು ಅವಳ ಮುಖ ನೋಡಿದರು.

"ನಾ ಅವತ್ತೇ ಹೇಳಿದ್ದೆ ಅವನಿಗಿ" ಎಂದಳು ಆಯಿ. "ಅಲ್ಲ ಅಂತಿದ್ದ."